ಡಿಗ್ ಸರಿಯಾದ ವಿಳಾಸ ಕೊಡುತ್ತದೆ, ಪಿಂಗ್ ಮಾತ್ರ ಹೆಸರೇ ಗೊತ್ತಿಲ್ಲ ಅನ್ನುತ್ತದೆ. ಲಿನಕ್ಸ್ ಯಾರನ್ನು ಮೊದಲು ಕೇಳುತ್ತದೆ?

ಭೋಸರಿ ಧಾರವಾಡಿ · ಸೋಮವಾರ, ಬೆಳಿಗ್ಗೆ 11:20

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿಯಲ್ಲಿ ಒಂದು ಚಿಕ್ಕ ವರ್ಕ್‌ಶಾಪಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಕಂಪ್ಯೂಟರ್ ಕೆಲಸವೂ ನನ್ನ ಮೇಲೇ ಇದೆ. ಒಟ್ಟು 14 ಮೆಷಿನ್. 12ರಲ್ಲಿ ಡೆಬಿಯನ್ 12, ಎರಡು ಲ್ಯಾಪ್‌ಟಾಪ್‌ನಲ್ಲಿ ಫೆಡೋರಾ. ಕಳೆದ ವಾರ ಬಿಲ್ಲುಗಳೆಲ್ಲ ಇರುವ ಫೈಲ್ ಸರ್ವರ್ ಬದಲಾಯಿಸಿದೆವು. ಹಳೆಯದರ ಐಪಿ 192.168.10.5, ಹೊಸದರದು 192.168.10.20. ಇನ್ನು ಮುಂದೆ ಎಲ್ಲರೂ ಐಪಿ ಟೈಪ್ ಮಾಡುವುದು ಬೇಡ, ಹೆಸರಿನಿಂದಲೇ ಹೋಗಲಿ ಅಂತ ಡಿಎನ್‌ಎಸ್‌ಮಾಸ್ಕ್ (ಹೆಸರು ಕೇಳಿದರೆ ಐಪಿ ಹೇಳುವ ಚಿಕ್ಕ ಡಿಎನ್‌ಎಸ್ ಸರ್ವರ್) ಓಡುವ ಪುಟ್ಟ ಪೆಟ್ಟಿಗೆಯಲ್ಲಿ ಬಿಲ್‌ಸರ್ವರ್.ಲೋಕಲ್ ಅಂತ ಹೆಸರು ಸೇರಿಸಿದೆ.

ಈಗ ನೋಡಿ ಏನಾಗುತ್ತಿದೆ. ಡಿಎನ್‌ಎಸ್‌ನಲ್ಲಿ ಹೆಸರು ಹುಡುಕುವ ಡಿಗ್ ಕಮಾಂಡ್ ಹಾಕಿದರೆ ತಕ್ಷಣ 192.168.10.20 ಬರುತ್ತದೆ. ಎನ್‌ಎಸ್‌ಲುಕಪ್ ಕೂಡ ಅದನ್ನೇ ಹೇಳುತ್ತದೆ. ಆದರೆ ಮೆಷಿನ್ ಸಿಗುತ್ತದಾ ಅಂತ ನೋಡುವ ಪಿಂಗ್ ಹಾಕಿದರೆ ಐದು ಸೆಕೆಂಡ್ ಸುಮ್ನೆ ನಿಂತು ಆಮೇಲೆ 'ನೇಮ್ ಆರ್ ಸರ್ವಿಸ್ ನಾಟ್ ನೋನ್' ಅನ್ನುತ್ತದೆ. ಫೋಲ್ಡರ್ ತೆರೆಯುವುದಿಲ್ಲ. ಇನ್ನೂ ವಿಚಿತ್ರ ಅಂದರೆ ನಮ್ಮ ಅಕೌಂಟೆಂಟ್ ಮೇಡಂ ಮೆಷಿನ್‌ನಲ್ಲಿ ಮಾತ್ರ ಪಿಂಗ್ ಹೋಗುತ್ತದೆ, ಆದರೆ ಹಳೆಯ 192.168.10.5ಕ್ಕೆ! ಆ ಐಪಿ ಈಗ ಹಾಜರಿ ಹಾಕುವ ಬೆರಳಚ್ಚು ಯಂತ್ರದ್ದು. ಅವರಿಗೆ ಬಿಲ್ ಬದಲು ಕನೆಕ್ಷನ್ ರಿಫ್ಯೂಸ್ಡ್ ಸಿಗುತ್ತಿದೆ.

ಎರಡು ದಿನದಿಂದ ತಲೆ ಕೆಟ್ಟಿದೆ. ಡಿಎನ್‌ಎಸ್ ಸರಿ ಇದ್ದ ಮೇಲೆ ತಪ್ಪು ಎಲ್ಲಿದೆ?

ಹಿಂಜೇವಾಡಿ ಹೊಸಬ · ಸೋಮವಾರ, 11:41

ಅಣ್ಣಾ, ತುರ್ತಾಗಿ ಕೆಲಸ ಆಗಬೇಕು ಅಂದರೆ 14 ಮೆಷಿನ್‌ನ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅಂತ ಬರೆದಿಡುವ ಫೈಲು) ಒಂದೊಂದು ಸಾಲು ಹಾಕಿಬಿಡಿ. ಅರ್ಧ ಗಂಟೆ ಕೆಲಸ. ಆಮೇಲೆ ನಿಧಾನವಾಗಿ ಕಾರಣ ಹುಡುಕಬಹುದು.

ಡೊಂಬಿವಲಿ ಅಕ್ಕ · ಸೋಮವಾರ, ಮಧ್ಯಾಹ್ನ 12:05

ಬೇಡ ಬೇಡ, ದಯವಿಟ್ಟು ಹಾಗೆ ಮಾಡಬೇಡಿ. ಅಕೌಂಟೆಂಟ್ ಮೇಡಂ ಮೆಷಿನ್‌ನಲ್ಲಿ ಆಗಿರುವುದೇ ಅದು, ನೋಡಿ ಬೇಕಾದರೆ. ಹಿಂದೆ ಯಾರೋ ತುರ್ತಿಗೆ ಅಂತ ಒಂದು ಸಾಲು ಹಾಕಿ ಹೋಗಿರುತ್ತಾರೆ. ಸರ್ವರ್ ಬದಲಾಯಿತು, ಆ ಸಾಲು ಬದಲಾಗಲಿಲ್ಲ. 14 ಕಡೆ ಹಾಕಿದರೆ ಮುಂದಿನ ಸಲ 14 ಕಡೆ ಹಳೆಯ ಐಪಿ ಉಳಿಯುತ್ತದೆ.

ಧಾರವಾಡಿಯವರೇ, ನಿಮ್ಮದು ಒಂದು ತೊಂದರೆ ಅಲ್ಲ, ಎರಡು. ಆದರೆ ಎರಡಕ್ಕೂ ಮೂಲ ಒಂದೇ ಫೈಲು: /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್. ಹೆಸರನ್ನು ಯಾರ ಹತ್ತಿರ, ಯಾವ ಕ್ರಮದಲ್ಲಿ ಕೇಳಬೇಕು ಅಂತ ಹೇಳುವುದು ಅದೇ. ಅದರಲ್ಲಿ ಹೋಸ್ಟ್ಸ್ ಅಂತ ಶುರುವಾಗುವ ಸಾಲನ್ನು ಇಲ್ಲಿ ಹಾಕಿ. ಜೊತೆಗೆ ಮೇಡಂ ಮೆಷಿನ್‌ನ /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಬಿಲ್‌ಸರ್ವರ್ ಅಂತ ಹುಡುಕಿ.

ಇನ್ನೊಂದು ಪ್ರಶ್ನೆ. ಡಿಗ್ ಉತ್ತರದ ಮೇಲ್ಗಡೆ ಒಂದು ವಾರ್ನಿಂಗ್ ಸಾಲು ಬಂದಿತ್ತಾ?

ಭೋಸರಿ ಧಾರವಾಡಿ · ಸೋಮವಾರ, 12:30

ಅಕ್ಕಾ, ನೀವು ಹೇಳಿದ ಹಾಗೇ ಇದೆ. ಮೇಡಂ ಮೆಷಿನ್‌ನಲ್ಲಿ '192.168.10.5 ಬಿಲ್‌ಸರ್ವರ್.ಲೋಕಲ್' ಅಂತ ಒಂದು ಸಾಲಿದೆ. ನನಗಿಂತ ಮುಂಚೆ ಇದ್ದವರು ಹಾಕಿದ್ದಿರಬೇಕು. ಬಹುಶಃ ಈ ಹೆಸರು ನನಗೆ ಹೊಳೆದಿದ್ದೇ ಅಲ್ಲಿಂದ.

ಎಲ್ಲ ಡೆಬಿಯನ್‌ಗಳಲ್ಲೂ ಎನ್‌ಎಸ್‌ಸ್ವಿಚ್ ಸಾಲು ಹೀಗಿದೆ. ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿದೆ:

ಹೋಸ್ಟ್ಸ್: ಫೈಲ್ಸ್ ಎಂಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್] ಡಿಎನ್‌ಎಸ್

ವಾರ್ನಿಂಗ್ ಕೂಡ ಬಂದಿತ್ತು. ಡಾಟ್ ಲೋಕಲ್ ಅನ್ನುವುದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು ಅಂತ ಏನೋ ಇತ್ತು. ಕೆಳಗೆ ಐಪಿ ಸರಿ ಬಂದಿದ್ದರಿಂದ ಅದನ್ನು ಓದದೆ ಬಿಟ್ಟಿದ್ದೆ.

ಡೊಂಬಿವಲಿ ಅಕ್ಕ · ಸೋಮವಾರ, 1:15

ಸಿಕ್ಕಿತು. ಊಟದ ಬಿಡುವಿದೆ, ವಿವರವಾಗಿ ಬರೆಯುತ್ತೇನೆ. ಇದು ಒಮ್ಮೆ ಅರ್ಥವಾದರೆ ಮುಂದೆ ಯಾವತ್ತೂ ಕಾಡುವುದಿಲ್ಲ.

ನಮ್ಮ ಚಾಳಿನಲ್ಲಿ ಯಾರದ್ದಾದರೂ ಮನೆ ಹುಡುಕಬೇಕು ಅಂದರೆ ಮೊದಲು ಏನು ಮಾಡುತ್ತೇವೆ? ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇವಾ ನೋಡುತ್ತೇವೆ. ಇಲ್ಲದಿದ್ದರೆ ಹೊರಗೆ ಬಂದು ಗಲ್ಲಿಯಲ್ಲಿ ಕೂಗಿ ಕೇಳುತ್ತೇವೆ, 'ಇಲ್ಲಿ ಇಂಥವರು ಯಾರಾದರೂ ಇದ್ದೀರಾ?' ಅಂತ. ಅಲ್ಲೂ ಇಲ್ಲ ಅಂದರೆ ಅಂಚೆ ಕಚೇರಿಗೆ ಹೋಗುತ್ತೇವೆ. ನಿಮ್ಮ ಸಾಲು ಹೇಳುತ್ತಿರುವುದು ಇಷ್ಟೇ. ಫೈಲ್ಸ್ ಅಂದರೆ ಕ್ಯಾಲೆಂಡರ್, ಅಂದರೆ /ಇಟಿಸಿ/ಹೋಸ್ಟ್ಸ್. ಎಂಡಿಎನ್‌ಎಸ್ ಅಂದರೆ ಗಲ್ಲಿಯಲ್ಲಿ ಕೂಗುವುದು. 224.0.0.251 ಅನ್ನುವ ಮಲ್ಟಿಕಾಸ್ಟ್ ವಿಳಾಸಕ್ಕೆ, 5353ನೇ ಪೋರ್ಟಿಗೆ ಪ್ರಶ್ನೆ ಹೋಗುತ್ತದೆ. ಆ ಹೆಸರಿನ ಮೆಷಿನ್ ಅದೇ ನೆಟ್‌ವರ್ಕಿನಲ್ಲಿ ಇದ್ದರೆ ತಾನೇ ಓಗೊಡುತ್ತದೆ. ಡೆಬಿಯನ್‌ನಲ್ಲಿ ಈ ಕೆಲಸ ಮಾಡುವುದು ಅವಾಹಿ. ಕೊನೆಯ ಡಿಎನ್‌ಎಸ್ ಅಂದರೆ ಅಂಚೆ ಕಚೇರಿ, ನಿಮ್ಮ ಡಿಎನ್‌ಎಸ್‌ಮಾಸ್ಕ್ ಪೆಟ್ಟಿಗೆ.

ಎಡದಿಂದ ಬಲಕ್ಕೆ ಕೇಳುತ್ತಾ ಹೋಗುತ್ತದೆ. ಎಲ್ಲಿ ಉತ್ತರ ಸಿಗುತ್ತದೋ ಅಲ್ಲೇ ನಿಲ್ಲುತ್ತದೆ. ಮೇಡಂ ಮೆಷಿನ್‌ನಲ್ಲಿ ಕ್ಯಾಲೆಂಡರಿನಲ್ಲೇ ಹಳೆಯ ವಿಳಾಸ ಸಿಕ್ಕಿತು, ಅಲ್ಲಿಗೇ ನಿಂತಿತು. ಡಿಎನ್‌ಎಸ್‌ನಲ್ಲಿ ನೀವು ಎಷ್ಟು ಸರಿಯಾಗಿ ಬರೆದರೂ ಅದನ್ನು ಕೇಳುವವರೇ ಇಲ್ಲ.

ಉಳಿದ ಮೆಷಿನ್‌ಗಳ ಕಥೆ ಆ ಚೌಕ ಆವರಣದಲ್ಲಿದೆ. ಪ್ರತಿ ಮೂಲವೂ ನಾಲ್ಕರಲ್ಲಿ ಒಂದು ಉತ್ತರ ಕೊಡುತ್ತದೆ. ಸಕ್ಸೆಸ್ ಅಂದರೆ ಸಿಕ್ಕಿತು. ನಾಟ್‌ಫೌಂಡ್ ಅಂದರೆ ಹುಡುಕಿದೆ, ಅಂಥವರು ಇಲ್ಲ. ಅನ್‌ಅವೈಲ್ ಅಂದರೆ ಆ ಮೂಲವೇ ಈಗ ಕೆಲಸಕ್ಕಿಲ್ಲ, ಅಥವಾ ಈ ಪ್ರಶ್ನೆ ನನ್ನದಲ್ಲ. ಟ್ರೈಅಗೇನ್ ಅಂದರೆ ಸದ್ಯಕ್ಕೆ ಆಗುತ್ತಿಲ್ಲ, ಆಮೇಲೆ ಬಾ. ನಾವು ಏನೂ ಬರೆಯದಿದ್ದರೆ ಸಕ್ಸೆಸ್‌ಗೆ ಮಾತ್ರ ನಿಲ್ಲುತ್ತದೆ, ಉಳಿದ ಮೂರಕ್ಕೂ ಮುಂದಿನವರ ಹತ್ತಿರ ಹೋಗುತ್ತದೆ. ನಿಮ್ಮ ಸಾಲಿನಲ್ಲಿ ನಾಟ್‌ಫೌಂಡ್ ಬಂದರೂ ರಿಟರ್ನ್ ಅಂತ ಬರೆದಿದೆ. ಅಂದರೆ ಗಲ್ಲಿಯಲ್ಲಿ ಕೂಗಿದಾಗ ಯಾರೂ ಓಗೊಡದಿದ್ದರೆ ಅಲ್ಲಿಂದಲೇ ವಾಪಸ್, ಅಂಚೆ ಕಚೇರಿಗೆ ಹೋಗುವುದೇ ಬೇಡ.

ಎಂಡಿಎನ್‌ಎಸ್4_ಮಿನಿಮಲ್‌ನಲ್ಲಿ ಇರುವ 4 ಅಂದರೆ ಐಪಿವಿ4 ಮಾತ್ರ. ಮಿನಿಮಲ್ ಅಂದರೆ ಡಾಟ್ ಲೋಕಲ್ ಹೆಸರುಗಳನ್ನು ಮಾತ್ರ ನೋಡುತ್ತದೆ. ಬೇರೆ ಹೆಸರಿಗೆ ಅನ್‌ಅವೈಲ್ ಹೇಳಿ ದಾರಿ ಬಿಡುತ್ತದೆ. ಅದಕ್ಕೇ ನಿಮ್ಮ ಇಂಟರ್ನೆಟ್ ಸೈಟುಗಳೆಲ್ಲ ಸರಿಯಾಗಿವೆ, ಬಿಲ್‌ಸರ್ವರ್.ಲೋಕಲ್ ಮಾತ್ರ ಸಿಕ್ಕಿಬಿತ್ತು. ಆ ಐದು ಸೆಕೆಂಡ್ ಕಾಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಅವಾಹಿ ಕೂಗಿ, ಉತ್ತರ ಬರುತ್ತದಾ ಅಂತ ಕಾಯುತ್ತಿತ್ತು.

ಭೋಸರಿ ಧಾರವಾಡಿ · ಸೋಮವಾರ, 1:32

ಅಕ್ಕಾ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೆ ಒಂದು ಅರ್ಥವಾಗಲಿಲ್ಲ. ಇಷ್ಟೆಲ್ಲ ನಡೆಯುತ್ತಿರುವಾಗ ಡಿಗ್‌ಗೆ ಮಾತ್ರ ಸರಿ ಉತ್ತರ ಹೇಗೆ ಸಿಗುತ್ತಿತ್ತು?

ಡೊಂಬಿವಲಿ ಅಕ್ಕ · ಸೋಮವಾರ, 1:40

ಡಿಗ್, ಎನ್‌ಎಸ್‌ಲುಕಪ್, ಹೋಸ್ಟ್, ಈ ಮೂರೂ ಎನ್‌ಎಸ್‌ಸ್ವಿಚ್ ಫೈಲನ್ನು ನೋಡುವುದೇ ಇಲ್ಲ. ನೇರವಾಗಿ ಅಂಚೆ ಕಚೇರಿಗೇ ಹೋಗುತ್ತವೆ. ಅವು ಇರುವುದೇ ಡಿಎನ್‌ಎಸ್ ಪರೀಕ್ಷೆಗೆ. ಪಿಂಗ್, ಎಸ್‌ಎಸ್‌ಎಚ್, ಕರ್ಲ್, ನಿಮ್ಮ ಫೈಲ್ ಮ್ಯಾನೇಜರ್, ಇವೆಲ್ಲ ಗೆಟ್‌ಅಡ್ರ್‌ಇನ್ಫೋ ಅನ್ನುವ ಫಂಕ್ಷನ್ ಮೂಲಕ ಹೋಗುತ್ತವೆ. ಅದು ಜಿಲಿಬ್‌ಸಿ (ಪ್ರೋಗ್ರಾಮುಗಳು ಬಳಸುವ ಮೂಲ ಸಿ ಲೈಬ್ರರಿ) ಒಳಗಿದೆ, ಅದು ಎನ್‌ಎಸ್‌ಸ್ವಿಚ್ ಹೇಳಿದ ಕ್ರಮದಲ್ಲೇ ಕೇಳುತ್ತದೆ.

ಪ್ರೋಗ್ರಾಮುಗಳಿಗೆ ನಿಜವಾಗಿ ಏನು ಸಿಗುತ್ತದೆ ಅಂತ ನೋಡಬೇಕಾದರೆ ಗೆಟ್‌ಎಂಟ್ ಬಳಸಿ. 'ಗೆಟ್‌ಎಂಟ್ ಅಹೋಸ್ಟ್ಸ್' ಅಂತ ಹಾಕಿ ಹೆಸರು ಕೊಡಿ. ಬರೀ 'ಗೆಟ್‌ಎಂಟ್ ಹೋಸ್ಟ್ಸ್' ಕೂಡ ಇದೆ, ಆದರೆ ಅದು ಹಳೆಯ ಫಂಕ್ಷನ್ ಮೂಲಕ ಹೋಗುತ್ತದೆ. ಅಹೋಸ್ಟ್ಸ್ ಈಗಿನ ಪ್ರೋಗ್ರಾಮುಗಳ ದಾರಿಗೆ ಹತ್ತಿರ. ಒಂದೊಂದೇ ಮೂಲವನ್ನು ಬೇರೆ ಬೇರೆಯಾಗಿ ಕೇಳಬೇಕಾ? ಮೈನಸ್ ಎಸ್ ಹಾಕಿ ಫೈಲ್ಸ್ ಅಂತಲೋ ಡಿಎನ್‌ಎಸ್ ಅಂತಲೋ ಕೊಡಿ. ಮೇಡಂ ಮೆಷಿನ್‌ನಲ್ಲಿ ಎರಡೂ ಮಾಡಿ ನೋಡಿ.

ಭೋಸರಿ ಧಾರವಾಡಿ · ಸೋಮವಾರ, 2:10

ಮಾಡಿದೆ. ಫೈಲ್ಸ್ ಕೇಳಿದರೆ 10.5, ಡಿಎನ್‌ಎಸ್ ಕೇಳಿದರೆ 10.20. ಒಂದೇ ಮೆಷಿನ್, ಒಂದೇ ಹೆಸರು, ಎರಡು ಉತ್ತರ! ಆ ಹಳೆಯ ಸಾಲು ಅಳಿಸಿದೆ. ಈಗ ಅವರ ಮೆಷಿನ್ ಕೂಡ ಉಳಿದವರ ಹಾಗೆ ಐದು ಸೆಕೆಂಡ್ ನಿಂತು ಗೊತ್ತಿಲ್ಲ ಅನ್ನುತ್ತಿದೆ. ಅಂದರೆ ಈಗ ಎಲ್ಲರದ್ದೂ ಒಂದೇ ರೋಗ.

ಕೋತ್ರೂಡ್ ಹಳಬ · ಸೋಮವಾರ, ಸಂಜೆ 4:50

ನಾನೂ ಒಂದು ಮಾತು ಹೇಳುತ್ತೇನೆ. /ಇಟಿಸಿ/ಹೋಸ್ಟ್.ಕಾನ್ಫ್ ಅಂತ ಒಂದು ಫೈಲಿದೆ, ಅದರಲ್ಲಿ ಆರ್ಡರ್ ಅಂತ ಬರೆದು ಬೈಂಡ್ (ಅಂದರೆ ಡಿಎನ್‌ಎಸ್) ಮೊದಲು, ಹೋಸ್ಟ್ಸ್ ಆಮೇಲೆ ಅಂತ ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 90ರ ದಶಕದ ಲಿಬ್‌ಸಿ5 ಕಾಲದಲ್ಲಿ ನಾವು ಹಾಗೆ ಮಾಡುತ್ತಿದ್ದೆವು, ಆಗ ಅದೇ ಸರಿ. ಜಿಲಿಬ್‌ಸಿ 2 ಬಂದ ಮೇಲೆ ಆ ಆರ್ಡರ್ ಸಾಲಿಗೆ ಬೆಲೆ ಇಲ್ಲ. ಹಳೆಯ ಪುಸ್ತಕ, ಹಳೆಯ ನೋಟ್ಸ್ ನೋಡಿ ಈಗಲೂ ಜನ ಅದನ್ನೇ ತಿದ್ದುತ್ತಾ ಕೂರುತ್ತಾರೆ, ಪಾಪ ಗಂಟೆಗಟ್ಟಲೆ. ಅದರಲ್ಲಿರುವ ಮಲ್ಟಿ ಆನ್ ಮಾತ್ರ ಈಗಲೂ ಕೆಲಸ ಮಾಡುತ್ತದೆ. ಹೋಸ್ಟ್ಸ್ ಫೈಲಿನಲ್ಲಿ ಒಂದೇ ಹೆಸರಿಗೆ ಹಲವು ಐಪಿ ಇದ್ದರೆ ಎಲ್ಲವನ್ನೂ ಕೊಡುತ್ತದೆ.

ಫೈಲ್ಸ್ ಯಾಕೆ ಮೊದಲು ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಇಂಟರ್ನೆಟ್ಟಿಗೆ ಮುಂಚಿನ ಅರ್ಪಾನೆಟ್ ಕಾಲದಲ್ಲಿ ಆ ನೆಟ್‌ವರ್ಕಿನ ಎಲ್ಲ ಮೆಷಿನ್‌ಗಳ ಹೆಸರೂ ಹೋಸ್ಟ್ಸ್.ಟೆಕ್ಸ್ಟ್ ಅನ್ನುವ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದವರು ಅಲ್ಲಿಂದ ಪ್ರತಿ ತರಿಸಿಕೊಳ್ಳಬೇಕು. ಮೆಷಿನ್‌ಗಳು ಹೆಚ್ಚಾದಂತೆ ಅದು ಸಾಗದಾಯಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು, ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ) 882 ಮತ್ತು 883. ಫೈಲು ಮಾತ್ರ ಹೋಗಲಿಲ್ಲ, ಪ್ರತಿ ಮೆಷಿನ್‌ನಲ್ಲೂ ಉಳಿದುಕೊಂಡಿತು. ಲೋಕಲ್‌ಹೋಸ್ಟ್ ಅನ್ನುವ ಹೆಸರಿಗಾಗಿಯೇ ಆದರೂ ಅದು ಬೇಕು.

ಹಿಂಜೇವಾಡಿ ಹೊಸಬ · ಸೋಮವಾರ, 5:30

ಅಕ್ಕ ಹೇಳಿದ್ದು ಓದಿದೆ. ಹೋಸ್ಟ್ಸ್ ಫೈಲಿನ ಸಲಹೆ ಕೊಟ್ಟಿದ್ದು ತಪ್ಪಾಯಿತು. ಹಾಗಾದರೆ ಸಾಲನ್ನು ಹೀಗೆ ಬದಲಾಯಿಸಿದರೆ ಮುಗಿಯಿತಲ್ವಾ?

ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್ ಎಂಡಿಎನ್‌ಎಸ್4_ಮಿನಿಮಲ್

ಅಥವಾ ಬರೀ ಆ ಚೌಕ ಆವರಣ ತೆಗೆದರೆ?

ಡೊಂಬಿವಲಿ ಅಕ್ಕ · ಸೋಮವಾರ, ರಾತ್ರಿ 8:45

ಬರೀ ಆವರಣ ತೆಗೆದರೆ ಹೆಸರು ಸಿಗುತ್ತದೆ, ಆದರೆ ಕ್ರಮ ಬದಲಾಗಲಿಲ್ಲ. ಪ್ರತಿ ಸಲ ಮೊದಲು ಗಲ್ಲಿಯಲ್ಲಿ ಕೂಗಿ ಐದು ಸೆಕೆಂಡ್ ಕಾದು, ಆಮೇಲೆ ಡಿಎನ್‌ಎಸ್‌ಗೆ ಹೋಗುತ್ತದೆ. ಬಿಲ್ ಹಾಕುವವರು ಪ್ರತಿ ಫೋಲ್ಡರಿಗೂ ಐದು ಸೆಕೆಂಡ್ ಕಾಯಬೇಕಾ? ಅದು ಬೇಡ.

ನಿಮ್ಮ ಮೊದಲ ಸಾಲು ಕೆಲಸ ಮಾಡುತ್ತದೆ. ಆದರೆ ನಾನು ಅದನ್ನು ಹಾಕುವುದಿಲ್ಲ. ಆಫೀಸಿನಲ್ಲಿ ಪ್ರಿಂಟರ್ ಇರುತ್ತದೆ, ಅದು ತನ್ನ ಹೆಸರನ್ನು ಡಾಟ್ ಲೋಕಲ್ ಅಂತಲೇ ಹೇಳಿಕೊಳ್ಳುತ್ತದೆ. ಡಿಎನ್‌ಎಸ್ ಮೊದಲು ಇಟ್ಟರೆ ಪ್ರಿಂಟರಿನ ಹೆಸರು ಕೂಡ ಮೊದಲು ಡಿಎನ್‌ಎಸ್‌ಮಾಸ್ಕ್‌ಗೆ ಹೋಗುತ್ತದೆ. ಅದಕ್ಕೆ ಗೊತ್ತಿಲ್ಲ, ಹೊರಗಿನ ಸರ್ವರಿಗೆ ಕಳಿಸುತ್ತದೆ. ನಿಮ್ಮ ಒಳಗಿನ ಹೆಸರುಗಳು ಸುಮ್ನೆ ಹೊರಗೆ ಹೋಗುತ್ತವೆ. ಡಿಎನ್‌ಎಸ್‌ಮಾಸ್ಕ್‌ಗೆ ಡಾಟ್ ಲೋಕಲ್ ಹೊರಗೆ ಕಳಿಸಬೇಡ ಅಂತ ಹೇಳಿ ಅದನ್ನು ತಡೆಯಬಹುದು, ಒಪ್ಪುತ್ತೇನೆ. ಆದರೂ 12 ಮೆಷಿನ್‌ನಲ್ಲಿ ಈ ಸಾಲು ತಿದ್ದಬೇಕು, ನಾಳೆ ಹೊಸ ಮೆಷಿನ್ ಬಂದರೆ ಅದರಲ್ಲೂ ನೆನಪಿಟ್ಟು ತಿದ್ದಬೇಕು. ಇಂಥ ತಿದ್ದುಪಡಿಯೇ ನಾಲ್ಕು ವರ್ಷ ಆದ ಮೇಲೆ ಮೇಡಂ ಮೆಷಿನ್‌ನ ಆ ಹಳೆಯ ಸಾಲಿನ ಹಾಗೆ ಕಾಡುವುದು.

ನನ್ನ ಪ್ರಕಾರ ಕ್ರಮ ಸರಿಯಾಗೇ ಇದೆ. ಹೆಸರು ತಪ್ಪು.

ಭೋಸರಿ ಧಾರವಾಡಿ · ಸೋಮವಾರ, 9:10

ಹೆಸರು ತಪ್ಪು ಅಂದರೆ? ಲೋಕಲ್ ಅಂದರೆ ನಮ್ಮದೇ ಒಳಗಿನದು ಅಂತ ತಾನೇ ಅರ್ಥ?

ಕೋತ್ರೂಡ್ ಹಳಬ · ಸೋಮವಾರ, 9:35

ಎಷ್ಟೋ ಕಂಪನಿಗಳು ಹಾಗೇ ತಿಳಿದು ಇಟ್ಟುಕೊಂಡವು, ನೀವೊಬ್ಬರೇ ಅಲ್ಲ. 2013ರಲ್ಲಿ ಬಂದ ಆರ್‌ಎಫ್‌ಸಿ 6762 ಡಾಟ್ ಲೋಕಲ್ ಅನ್ನು ಪೂರ್ತಿಯಾಗಿ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಬಿಟ್ಟುಕೊಟ್ಟಿದೆ. ಆ ಕೊನೆಯ ಅಕ್ಷರ ಕಂಡ ಕೂಡಲೇ ಮೆಷಿನ್‌ಗಳು ಗಲ್ಲಿಯಲ್ಲಿ ಕೂಗುತ್ತವೆ. ಮ್ಯಾಕ್ ಕೂಡ ಹಾಗೇ. ಅದರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ.

ಖಾಸಗಿ ನೆಟ್‌ವರ್ಕಿಗೆ ಅಂತಲೇ ಡಾಟ್ ಇಂಟರ್ನಲ್ ಅನ್ನು 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ತೆಗೆದಿಟ್ಟಿದೆ. ಹೊರಗಿನ ಇಂಟರ್ನೆಟ್ಟಿನಲ್ಲಿ ಅದನ್ನು ಯಾರಿಗೂ ಕೊಡುವುದಿಲ್ಲ. ಮನೆಯ ನೆಟ್‌ವರ್ಕಿಗಾದರೆ 2018ರ ಆರ್‌ಎಫ್‌ಸಿ 8375 ಹೇಳುವ ಹೋಮ್.ಆರ್ಪಾ ಇದೆ. ನೀವು ಬಿಲ್‌ಸರ್ವರ್.ಆಫೀಸ್.ಇಂಟರ್ನಲ್ ಅಂತ ಮಾಡಿ. ಎನ್‌ಎಸ್‌ಸ್ವಿಚ್ ಮುಟ್ಟಲೇಬೇಡಿ. ಎಂಡಿಎನ್‌ಎಸ್ ನನ್ನದಲ್ಲ ಅಂತ ಪಕ್ಕಕ್ಕೆ ಸರಿಯುತ್ತದೆ, ಡಿಎನ್‌ಎಸ್ ತಕ್ಷಣ ಉತ್ತರ ಕೊಡುತ್ತದೆ. ಪ್ರಿಂಟರ್ ತನ್ನ ಪಾಡಿಗೆ ಡಾಟ್ ಲೋಕಲ್‌ನಲ್ಲೇ ಇರುತ್ತದೆ.

ಭೋಸರಿ ಧಾರವಾಡಿ · ಮಂಗಳವಾರ, ಬೆಳಿಗ್ಗೆ 10:05

ಸರ್, ಹೆಸರು ಬದಲಾಯಿಸುವ ಮುಂಚೆ ಒಂದು ವಿಷಯ. ರಾತ್ರಿ ತಡೆಯಲಾರದೆ ಒಂದು ಫೆಡೋರಾ ಲ್ಯಾಪ್‌ಟಾಪ್‌ನಲ್ಲಿ ಎನ್‌ಎಸ್‌ಸ್ವಿಚ್ ತಿದ್ದಿ ನೋಡಿದೆ, ಹೊಸಬರು ಹೇಳಿದ ಹಾಗೆ. ಅದರ ಸಾಲೇ ಬೇರೆ. ಮೈಹೋಸ್ಟ್‌ನೇಮ್ ಅಂತ ಇದೆ, ರಿಸಾಲ್ವ್ ಅಂತ ಇದೆ, ಅದರ ಮುಂದೆ ಆವರಣದಲ್ಲಿ ಆಶ್ಚರ್ಯ ಚಿಹ್ನೆ ಹಾಕಿ ಅನ್‌ಅವೈಲ್=ರಿಟರ್ನ್ ಅಂತ ಇದೆ, ಎಲ್ಲದರ ಕೊನೆಗೆ ಡಿಎನ್‌ಎಸ್. ಫೈಲಿನ ತಲೆಯಲ್ಲೇ ಇದನ್ನು ಆಥ್‌ಸೆಲೆಕ್ಟ್ ಬರೆದಿದೆ, ಕೈಯಿಂದ ತಿದ್ದಬೇಡಿ ಅಂತ ಇತ್ತು. ವಾಪಸ್ ಮೊದಲಿದ್ದ ಹಾಗೇ ಇಟ್ಟೆ. ಅದೇನು?

ಡೊಂಬಿವಲಿ ಅಕ್ಕ · ಮಂಗಳವಾರ, 10:40

ವಾಪಸ್ ಇಟ್ಟಿದ್ದು ಒಳ್ಳೆಯದಾಯಿತು. ಈಗ ಟ್ರೇನಿನಲ್ಲಿದ್ದೇನೆ, ಸೀಟು ಸಿಕ್ಕಿದೆ, ಬರೆಯುತ್ತೇನೆ.

ಮೈಹೋಸ್ಟ್‌ನೇಮ್ ಅಂದರೆ ಆ ಮೆಷಿನ್ ತನ್ನದೇ ಹೆಸರಿಗೆ ತಾನೇ ಉತ್ತರ ಕೊಡುವುದು. ಹೋಸ್ಟ್ಸ್ ಫೈಲಿನಲ್ಲಿ ತನ್ನ ಹೆಸರು ಇಲ್ಲದಿದ್ದರೂ ನಡೆಯುತ್ತದೆ. ಸುಡೋ ಹಾಕಿದಾಗ 'ಅನೇಬಲ್ ಟು ರಿಸಾಲ್ವ್ ಹೋಸ್ಟ್' ಅಂತ ಬರುತ್ತಲ್ಲ, ಅದು ಇದ್ದರೆ ಆ ಕಾಟ ಇಲ್ಲ. ಡೆಬಿಯನ್‌ನಲ್ಲಿ ಇದೇ ಕೆಲಸಕ್ಕೆ ಹೋಸ್ಟ್ಸ್ ಫೈಲಿನಲ್ಲಿ 127.0.1.1 ಅಂತ ಒಂದು ಸಾಲು ಇರುತ್ತದೆ, ನೋಡಿರುತ್ತೀರಿ.

ರಿಸಾಲ್ವ್ ಅಂದರೆ ಸಿಸ್ಟಂಡಿ-ರಿಸಾಲ್ವ್‌ಡಿ, ಹೆಸರು ಹುಡುಕಿಕೊಡುವ ಸೇವೆ. 2020ರ ಫೆಡೋರಾ 33ರಿಂದ ಅದೇ ಡೀಫಾಲ್ಟ್. ಆಶ್ಚರ್ಯ ಚಿಹ್ನೆ ಅಂದರೆ 'ಅದನ್ನು ಬಿಟ್ಟು'. ಅನ್‌ಅವೈಲ್ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಅಲ್ಲೇ ನಿಲ್ಲು ಅಂತ ಅರ್ಥ. ಹಾಗಾಗಿ ರಿಸಾಲ್ವ್‌ಡಿ ಓಡುತ್ತಿರುವವರೆಗೂ ಕೊನೆಯ ಡಿಎನ್‌ಎಸ್ ಸರದಿ ಬರುವುದೇ ಇಲ್ಲ. ಆ ಸೇವೆ ನಿಂತುಹೋದಾಗ ಮಾತ್ರ ಬರುತ್ತದೆ. ಅಲ್ಲಿ ಪರೀಕ್ಷೆ ಮಾಡಲು ರಿಸಾಲ್ವ್‌ಸಿಟಿಎಲ್ ಕ್ವೆರಿ ಹಾಕಿ, ಉತ್ತರ ಯಾವ ದಾರಿಯಿಂದ ಬಂತು ಅಂತಲೂ ಹೇಳುತ್ತದೆ. ಹಳೆಯ ಉತ್ತರ ನೆನಪಿಟ್ಟುಕೊಂಡಿದೆ ಅನ್ನಿಸಿದರೆ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್.

ಆಥ್‌ಸೆಲೆಕ್ಟ್ ಅಂದರೆ ಇಂಥ ಫೈಲನ್ನು ಒಂದು ಪ್ರೊಫೈಲಿನಿಂದ ತಾನೇ ಬರೆಯುವ ಸಾಧನ. ಅದು ಇರುವ ಕಡೆ ನೇರವಾಗಿ ತಿದ್ದಿದರೆ ಅದು ಮತ್ತೆ ತನ್ನ ಪ್ರೊಫೈಲಿನಿಂದ ಬರೆದುಬಿಡಬಹುದು. ನಿಜವಾಗಲೂ ಬದಲಾಯಿಸಬೇಕಾದರೆ ಆಥ್‌ಸೆಲೆಕ್ಟ್ ಕ್ರಿಯೇಟ್-ಪ್ರೊಫೈಲ್ ಹಾಕಿ ನಿಮ್ಮದೇ ಪ್ರೊಫೈಲ್ ಮಾಡಿ, /ಇಟಿಸಿ/ಆಥ್‌ಸೆಲೆಕ್ಟ್/ಕಸ್ಟಮ್ ಒಳಗಿನ ಪ್ರತಿ ತಿದ್ದಿ, ಆಮೇಲೆ ಅದನ್ನು ಸೆಲೆಕ್ಟ್ ಮಾಡಬೇಕು. ಎರಡು ಲ್ಯಾಪ್‌ಟಾಪಿಗೆ ಇಷ್ಟು ಸಾಹಸ ಬೇಕಾ? ಸರ್ ಹೇಳಿದ ಹಾಗೆ ಹೆಸರು ಬದಲಾಯಿಸಿದರೆ ಇದ್ಯಾವುದೂ ಬೇಡ.

ವೆರ್ಣಾ ಕಾರವಾರಿ · ಮಂಗಳವಾರ, 11:55

ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಿಂದ. ಹೆಸರು ಬದಲಾಯಿಸಿ, ಅದೇ ಸರಿ. ಆದರೆ ಫೈಲ್ಸ್ ಮೊದಲು ಇರಲಿ ಅನ್ನುವುದಕ್ಕೆ ನನ್ನದೂ ಒಂದು ಅನುಭವ ಸೇರಿಸುತ್ತೇನೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಪ್ಲಾಂಟಿನಲ್ಲಿ ಯಾರೋ ಡಿಎನ್‌ಎಸ್ ಮೊದಲು, ಫೈಲ್ಸ್ ಆಮೇಲೆ ಅಂತ ಇಟ್ಟಿದ್ದರು. ಪ್ಯಾಕಿಂಗ್ ಲೈನಿನ ಕಂಟ್ರೋಲ್ ಮೆಷಿನ್‌ಗಳ ಹೆಸರೆಲ್ಲ ಹೋಸ್ಟ್ಸ್ ಫೈಲಿನಲ್ಲಿ. ಯಾವ ಡಿಎನ್‌ಎಸ್ ಸರ್ವರ್ ಕೇಳಬೇಕು ಅಂತ ಬರೆದಿಡುವ ರಿಸಾಲ್ವ್.ಕಾನ್ಫ್‌ನಲ್ಲಿ ಇದ್ದ ಎರಡೂ ನೇಮ್‌ಸರ್ವರ್ ಹೊರಗಿನವು. ಬಿಸಿಲು ಇರುವಷ್ಟು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ಜುಲೈ ಮಳೆಯಲ್ಲಿ ಫೈಬರ್ ಎಲ್ಲೋ ಕಡಿಯಿತು. ನಮ್ಮ ರೌಟರ್ ಸರಿ ಇದೆ, ಒಳಗಿನ ಲೈನ್ ಸರಿ ಇದೆ, ಹೊರಗೆ ಹೋದ ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ. ಇಂಥ ಹೊತ್ತಿನಲ್ಲಿ ಪ್ರತಿ ನೇಮ್‌ಸರ್ವರಿಗೆ ಐದು ಸೆಕೆಂಡ್ ಕಾಯುವುದು ಜಿಲಿಬ್‌ಸಿ ಡೀಫಾಲ್ಟ್, ಎರಡು ಸುತ್ತು ಪ್ರಯತ್ನ ಮಾಡುತ್ತದೆ. ಎರಡು ನೇಮ್‌ಸರ್ವರ್, ಎರಡು ಸುತ್ತು, ಒಟ್ಟು ಸುಮಾರು 20 ಸೆಕೆಂಡ್. ಅದಾದ ಮೇಲೆ ಫೈಲ್ಸ್ ಸರದಿ. ಪಕ್ಕದ ಕೋಣೆಯ ಮೆಷಿನ್ ಹೆಸರು ಹುಡುಕಲು 20 ಸೆಕೆಂಡ್! ಲೈನ್ ನಿಂತೇಹೋಯಿತು. ಕಾರಣ ತಿಳಿಯದೆ ಒಂದು ಇಡೀ ಶಿಫ್ಟ್ ಕಳೆದೆವು. ಕೊನೆಗೆ ಪ್ರೋಗ್ರಾಮ್ ಏನೇನು ಮಾಡುತ್ತಿದೆ ಅಂತ ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದಾಗ ಹೋಸ್ಟ್ಸ್ ಫೈಲನ್ನು ಎಷ್ಟು ತಡವಾಗಿ ತೆರೆಯುತ್ತಿದೆ ಅಂತ ಕಂಡಿತು. ಎರಡು ಪದ ಹಿಂದೆ ಮುಂದೆ ಮಾಡಿದ್ದೇ ಸಾಕಾಯಿತು.

ಫೈಲನ್ನು ಓದಲು ನೆಟ್‌ವರ್ಕ್ ಬೇಡ. ಅದಕ್ಕೇ ಅದು ಮೊದಲು ಇರಬೇಕು. ಆದರೆ ಅದರಲ್ಲಿ ಹಾಕುವುದು ಕಡಿಮೆ ಇರಬೇಕು. ಮಳೆಗಾಲದಲ್ಲೂ ಸಿಗಲೇಬೇಕಾದ ನಾಲ್ಕೈದು ಹೆಸರು, ಐಪಿ ಬದಲಾಗದಂಥವು. ಜೊತೆಗೆ ಹ್ಯಾಶ್ ಹಾಕಿ ಯಾಕೆ ಹಾಕಿದ್ದು, ಯಾವತ್ತು ಹಾಕಿದ್ದು ಅಂತ ಒಂದು ಕಾಮೆಂಟ್ ಬರೆಯಿರಿ. ನಿಮ್ಮ ಮೇಡಂ ಮೆಷಿನ್‌ನ ಸಾಲಿನ ಪಕ್ಕ ಒಂದು ತಾರೀಖು ಇದ್ದಿದ್ದರೆ ಎರಡು ದಿನ ಉಳಿಯುತ್ತಿತ್ತು.

ಹಿಂಜೇವಾಡಿ ಹೊಸಬ · ಮಂಗಳವಾರ, ಮಧ್ಯಾಹ್ನ 3:20

ನನ್ನದೊಂದು ಪ್ರಶ್ನೆ ಇಲ್ಲೇ ಕೇಳಲಾ? ಇದೇ ವಿಷಯವೇ. ಕಂಟೇನರ್ ಒಳಗೆ ಆಲ್ಪೈನ್ ಅನ್ನುವ ಚಿಕ್ಕ ಲಿನಕ್ಸ್ ಇದೆ. ಅಲ್ಲಿ ಎನ್‌ಎಸ್‌ಸ್ವಿಚ್ ಫೈಲ್ ಬರೆದು ಡಿಎನ್‌ಎಸ್ ಮೊದಲು ಅಂತ ಪರೀಕ್ಷೆಗೆ ಇಟ್ಟೆ. ಏನು ಬರೆದರೂ ಏನೂ ಬದಲಾಗುವುದಿಲ್ಲ. ನಿನ್ನೆ ರಾತ್ರಿಯಿಂದ ಕೂತಿದ್ದೇನೆ. ಇನ್ನೊಂದು, ಫೈಲ್ ತಿದ್ದಿದ ಮೇಲೆ ಪ್ರೋಗ್ರಾಮ್ ರೀಸ್ಟಾರ್ಟ್ ಮಾಡಬೇಕಾ?

ಡೊಂಬಿವಲಿ ಅಕ್ಕ · ಮಂಗಳವಾರ, 4:00

ತಮ್ಮಾ, ಆಲ್ಪೈನ್‌ನಲ್ಲಿ ಜಿಲಿಬ್‌ಸಿ ಇಲ್ಲ, ಮಸಲ್ ಅನ್ನುವ ಬೇರೆ ಸಿ ಲೈಬ್ರರಿ ಇದೆ. ಮಸಲ್‌ಗೆ ಎನ್‌ಎಸ್‌ಸ್ವಿಚ್ ಅನ್ನುವುದೇ ಗೊತ್ತಿಲ್ಲ. ಅದು ಯಾವಾಗಲೂ ಮೊದಲು ಹೋಸ್ಟ್ಸ್ ಫೈಲ್, ಆಮೇಲೆ ಡಿಎನ್‌ಎಸ್. ಬದಲಾಯಿಸುವ ದಾರಿ ಇಲ್ಲ. ಎಂಡಿಎನ್‌ಎಸ್ ಕೂಡ ಇಲ್ಲ. ಆ ಫೈಲನ್ನು ನೋಡುವ ಬೇರೆ ಪ್ರೋಗ್ರಾಮುಗಳು ಇವೆ. ಗೋ ಭಾಷೆಯಲ್ಲಿ ಬರೆದವಕ್ಕೆ ತಮ್ಮದೇ ರಿಸಾಲ್ವರ್ ಇದೆ, ಅವು ಎನ್‌ಎಸ್‌ಸ್ವಿಚ್ ಓದಿ ತಮಗೆ ಅರ್ಥವಾಗದ ಮೂಲ ಕಂಡರೆ ಕೆಲಸವನ್ನು ಸಿ ಲೈಬ್ರರಿಗೆ ಒಪ್ಪಿಸುತ್ತವೆ. ಆದ್ದರಿಂದ ಒಂದೇ ಕಂಟೇನರಿನಲ್ಲಿ ಎರಡು ಪ್ರೋಗ್ರಾಮ್ ಬೇರೆ ಬೇರೆ ಉತ್ತರ ಕೊಟ್ಟರೆ ಗಾಬರಿ ಬೇಡ. ಯಾವುದು ಯಾವ ಲೈಬ್ರರಿ ಮೂಲಕ ಹೋಗುತ್ತದೆ ಅಂತ ಮೊದಲು ನೋಡು.

ರೀಸ್ಟಾರ್ಟ್ ವಿಷಯ. ಜಿಲಿಬ್‌ಸಿ 2.33ರಿಂದ, ಅಂದರೆ 2021ರಿಂದ, ಎನ್‌ಎಸ್‌ಸ್ವಿಚ್ ಬದಲಾದರೆ ಓಡುತ್ತಿರುವ ಪ್ರೋಗ್ರಾಮುಗಳೂ ಅದನ್ನು ಮತ್ತೆ ಓದುತ್ತವೆ. ಅದಕ್ಕಿಂತ ಹಳೆಯದಾದರೆ ರೀಸ್ಟಾರ್ಟ್ ಮಾಡಲೇಬೇಕು. ರಿಸಾಲ್ವ್.ಕಾನ್ಫ್‌ಗೆ ಈ ಅನುಕೂಲ 2.26ರಲ್ಲೇ ಬಂದಿತ್ತು. ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಎನ್‌ಎಸ್‌ಸಿಡಿ ಓಡುತ್ತಿದ್ದರೆ ಅದರ ನೆನಪನ್ನೂ ಅಳಿಸಬೇಕು, ಎನ್‌ಎಸ್‌ಸಿಡಿ ಮೈನಸ್ ಐ ಹೋಸ್ಟ್ಸ್.

ಕೋತ್ರೂಡ್ ಹಳಬ · ಮಂಗಳವಾರ, 4:25

ಒಂದು ಎಳೆ ಬಿಟ್ಟುಹೋಗಿದೆ. ಮೂಲಗಳ ಕ್ರಮ ಬೇರೆ, ಸಿಕ್ಕ ವಿಳಾಸಗಳ ಕ್ರಮ ಬೇರೆ. ಒಂದು ಹೆಸರಿಗೆ ಐಪಿವಿ6 ಮತ್ತು ಐಪಿವಿ4 ಎರಡೂ ಸಿಕ್ಕಾಗ ಯಾವುದು ಮೊದಲು ಅನ್ನುವುದಕ್ಕೆ ಎನ್‌ಎಸ್‌ಸ್ವಿಚ್‌ಗೆ ಸಂಬಂಧ ಇಲ್ಲ. ಅದು ಗಾಯ್.ಕಾನ್ಫ್ ಅನ್ನುವ ಫೈಲು ಮತ್ತು ಆರ್‌ಎಫ್‌ಸಿ 6724ರ ನಿಯಮದ ಕೆಲಸ. ಐಪಿವಿ4 ಮೊದಲು ಬೇಕು ಅಂತ ಎನ್‌ಎಸ್‌ಸ್ವಿಚ್ ತಿದ್ದುವವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಭೋಸರಿ ಧಾರವಾಡಿ · ಬುಧವಾರ, ಸಂಜೆ 6:15

ಎಲ್ಲರಿಗೂ ಧನ್ಯವಾದ. ನಿನ್ನೆ ಎಲ್ಲರೂ ಮನೆಗೆ ಹೋದ ಮೇಲೆ ಕೆಲಸ ಮಾಡಿದೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಹೋಸ್ಟ್-ರೆಕಾರ್ಡ್ ಸಾಲಿನಲ್ಲಿ ಬಿಲ್‌ಸರ್ವರ್.ಆಫೀಸ್.ಇಂಟರ್ನಲ್ ಹಾಕಿದೆ. ಆಫೀಸ್.ಇಂಟರ್ನಲ್ ಹೆಸರುಗಳು ಹೊರಗೆ ಹೋಗದ ಹಾಗೆ ಡಿಎನ್‌ಎಸ್‌ಮಾಸ್ಕ್‌ನ 'ಲೋಕಲ್' ಅನ್ನುವ ಆಪ್ಷನ್ ಸಾಲು ಬರೆದೆ. ಡೊಮೇನ್ ಸಾಲು ಕೂಡ ಹಾಕಿದ್ದರಿಂದ ಎಲ್ಲ ಮೆಷಿನ್‌ಗೂ ಸರ್ಚ್ ಡೊಮೇನ್ ಹೋಯಿತು. ಈಗ ಬರೀ ಬಿಲ್‌ಸರ್ವರ್ ಅಂದರೂ ಸಾಕು. 12 ಡೆಬಿಯನ್, 2 ಫೆಡೋರಾ, ಒಂದರಲ್ಲೂ ಎನ್‌ಎಸ್‌ಸ್ವಿಚ್ ಮುಟ್ಟಲಿಲ್ಲ. ಗೆಟ್‌ಎಂಟ್ ಅಹೋಸ್ಟ್ಸ್ 14ರಲ್ಲೂ 10.20 ಹೇಳುತ್ತಿದೆ. ಪ್ರಿಂಟರ್ ಮೊದಲಿನ ಹಾಗೇ ಡಾಟ್ ಲೋಕಲ್‌ನಲ್ಲಿ ಸಿಗುತ್ತಿದೆ. ಮೇಡಂ ಇವತ್ತು ಮಧ್ಯಾಹ್ನದೊಳಗೆ ಎರಡು ದಿನದ ಬಾಕಿ ಬಿಲ್ಲು ಮುಗಿಸಿದರು.

ವೆರ್ಣಾ ಅಣ್ಣಾ, ನಿಮ್ಮ ಮಳೆಗಾಲದ ಮಾತು ಮನಸ್ಸಿನಲ್ಲಿ ಕೂತಿದೆ. ನಮ್ಮಲ್ಲೂ ಲೈನ್ ಹೋಗುತ್ತದೆ. ರೌಟರ್ ಕೇಬಲ್ ಕಿತ್ತು ಪರೀಕ್ಷೆ ಮಾಡಲಾ?

ವೆರ್ಣಾ ಕಾರವಾರಿ · ಬುಧವಾರ, 7:00

ಒಳಗಿನ ಕೇಬಲ್ ಕೀಳಬೇಡಿ. ಅದನ್ನು ಕಿತ್ತರೆ ಮೆಷಿನ್‌ಗೆ ನೆಟ್‌ವರ್ಕ್ ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ, ಕಾಯದೇ ಸೋಲುತ್ತದೆ, ನಿಜವಾದ ತೊಂದರೆ ಕಾಣುವುದೇ ಇಲ್ಲ. ಹೊರಗಿನಿಂದ ಬರುವ ಲೈನ್ ಕಿತ್ತು ನೋಡಿ. ಮೊದಲು ಟೈಮ್ ಹಾಕಿ ಬಿಲ್‌ಸರ್ವರ್ ಕೇಳಿ, ಆಮೇಲೆ ಯಾವುದಾದರೂ ಹೊರಗಿನ ಸೈಟ್ ಕೇಳಿ.

ಹೊರಗಿನದು ತುಂಬಾ ಹೊತ್ತು ನಿಂತರೆ ರಿಸಾಲ್ವರಿಗೆ ಟೈಮ್‌ಔಟ್ 2, ಅಟೆಂಪ್ಟ್ಸ್ 1 ಅಂತ ಆಪ್ಷನ್ ಕೊಡಬಹುದು. ರಿಸಾಲ್ವ್.ಕಾನ್ಫ್ ಕೈಯಿಂದ ತಿದ್ದಿದರೆ ನೆಟ್‌ವರ್ಕ್‌ಮ್ಯಾನೇಜರ್ ಅಳಿಸಿಬಿಡುತ್ತದೆ. ಅದರದೇ ಎನ್‌ಎಂಸಿಎಲ್‌ಐ ಕಮಾಂಡ್ ಮೂಲಕ ಆ ಕನೆಕ್ಷನ್‌ನ ಐಪಿವಿ4 ಡಿಎನ್‌ಎಸ್-ಆಪ್ಷನ್ಸ್‌ನಲ್ಲಿ ಹಾಕಿ. ಇನ್ನೂ ಕಡಿಮೆ ಮಾಡಬೇಡಿ, ಲೈನ್ ನಿಧಾನ ಇದ್ದಾಗ ಬರುತ್ತಿರುವ ಉತ್ತರವನ್ನೂ ಕಾಯದೆ ಬಿಡುತ್ತದೆ.

ಭೋಸರಿ ಧಾರವಾಡಿ · ಗುರುವಾರ, ರಾತ್ರಿ 8:20

ಹೊರಗಿನ ಲೈನ್ ಕಿತ್ತು ನೋಡಿದೆ. ಬಿಲ್‌ಸರ್ವರ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಪ್ರಿಂಟರ್ ಕೂಡ. ಹೊರಗಿನ ಸೈಟಿಗೆ ಡೆಬಿಯನ್ ಸುಮಾರು 10 ಸೆಕೆಂಡ್ ನಿಂತಿತು, ನಮಗೆ ನೇಮ್‌ಸರ್ವರ್ ಒಂದೇ ಇರುವುದರಿಂದ ಐದೈದು ಸೆಕೆಂಡ್ ಎರಡು ಸಲ ಅಂತ ಲೆಕ್ಕ ಸರಿಹೋಯಿತು. ಆಪ್ಷನ್ ಹಾಕಿದ ಮೇಲೆ 2 ಸೆಕೆಂಡ್.

ಫೈಲ್ ಸರ್ವರಿನ ಒಂದು ಸಾಲನ್ನು ನನ್ನ ಮೆಷಿನ್ ಮತ್ತು ಮೇಡಂ ಮೆಷಿನ್‌ನ ಹೋಸ್ಟ್ಸ್ ಫೈಲಿನಲ್ಲೂ ಇಡೋಣ ಅಂದುಕೊಂಡಿದ್ದೆ, ಡಿಎನ್‌ಎಸ್‌ಮಾಸ್ಕ್ ಪೆಟ್ಟಿಗೆಯೇ ಕೆಟ್ಟರೆ ಇರಲಿ ಅಂತ. ಕೊನೆಗೆ ನನ್ನದರಲ್ಲಿ ಮಾತ್ರ ಹಾಕಿದೆ, ಪಕ್ಕದಲ್ಲಿ ಇವತ್ತಿನ ತಾರೀಖು ಬರೆದು.